ವರ್ಷವಿಡೀ ವಾಸಕ್ಕೆ ಐಸ್ ಫಿಶಿಂಗ್ ಟ್ರೇಲರ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಜನವರಿಯಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರದ ದಂಡೆಗೆ ಹೋದರೆ, ಹೆಪ್ಪುಗಟ್ಟಿದ ನೀರಿನ ಮೇಲೆ ಪುಟ್ಟ ಪುಟ್ಟ ಮನೆಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ಒಳಗೆ ಮಂಚ, ಒಲೆ, ಮೇಜು, ದೀಪ ಎಲ್ಲವೂ ಇರುತ್ತವೆ. ನೆಲದಲ್ಲಿ ಮಾತ್ರ ಮೀನು ಹಿಡಿಯಲೆಂದೇ ಬಿಟ್ಟ ದುಂಡನೆಯ ತೂತುಗಳಿರುತ್ತವೆ. ಅಲ್ಲಿಯವರು ಇವನ್ನು ಫಿಶ್ ಹೌಸ್ ಎನ್ನುತ್ತಾರೆ, ಗಾಲಿಗಳಿರುವ ಬಗೆಯನ್ನು ವೀಲ್ ಹೌಸ್ ಎಂದು ಕರೆಯುತ್ತಾರೆ. ಹೊರಗೆ ಸೊನ್ನೆಗಿಂತ 25 ಡಿಗ್ರಿ ಕೆಳಗಿರುವಾಗಲೂ ಒಳಗೆ ಅಂಗಿಯ ತೋಳು ಮಡಚಿ ಕೂರುವಷ್ಟು ಬೆಚ್ಚಗಿರುವುದನ್ನು ಕಂಡವರಿಗೆ, ತಿಂಗಳು ತಿಂಗಳು ಬಾಡಿಗೆ ಕಟ್ಟುವ ಬದಲು ಇದರಲ್ಲೇ ವರ್ಷವಿಡೀ ಇರಬಹುದಲ್ಲ ಎಂಬ ಯೋಚನೆ ಬರುವುದು ಸಹಜ.

ನನಗೂ ಆ ಯೋಚನೆ ಬಂದಿತ್ತು. ಗೆಳೆಯರೊಬ್ಬರ ಜಮೀನಿನಲ್ಲಿ ಇಂಥ ಮನೆಯೊಂದನ್ನು ನಿಲ್ಲಿಸಿಕೊಂಡು ಎರಡು ಚಳಿಗಾಲ ಮತ್ತು ಒಂದು ಬೇಸಿಗೆಯನ್ನು ಕಳೆದಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಕೊಳ್ಳುವವರೆಲ್ಲ ಮೊದಲು ಕೇಳುವ ಪ್ರಶ್ನೆ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಪದರ, ಎಷ್ಟು ದಪ್ಪ ಎಂಬುದು. ಆದರೆ ಅದು ಮೂರನೆಯ ಪ್ರಶ್ನೆಯಾಗಬೇಕು. ಮೊದಲನೆಯದು, ವರ್ಷದ ಹನ್ನೆರಡು ತಿಂಗಳೂ ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದು. ಎರಡನೆಯದು ನೀರಿನ ಪ್ರಶ್ನೆ: ಕುಡಿಯಲು ಬರುವ ನೀರು, ಬಚ್ಚಲಿನಿಂದ ಹೋಗುವ ನೀರು, ಮತ್ತು ಕಣ್ಣಿಗೆ ಕಾಣದೆ ಗಾಳಿಯಲ್ಲಿ ಸೇರಿಕೊಳ್ಳುವ ನೀರು. ಈ ಎರಡಕ್ಕೆ ಉತ್ತರ ಸಿಕ್ಕಿದ ಮೇಲಷ್ಟೇ ಯಾವ ಬಗೆಯ ಟ್ರೇಲರ್ ಎಂಬ ಹೋಲಿಕೆಗೆ ಅರ್ಥ ಬರುತ್ತದೆ.

ಆಯ್ಕೆಗೆ ಸಿಗುವ ಬಗೆಗಳು

ಮೊದಲನೆಯದು ಕೇವಲ ಮೀನು ಹಿಡಿಯಲೆಂದು ಕಟ್ಟಿದ ವೀಲ್ ಹೌಸ್. ಇದರ ಚಾಸಿಯೇ ವಿಶೇಷ. ಗಾಲಿಗಳು ತಿರುಗುವ ತೋಳುಗಳಿಗೆ ಜೋಡಣೆಯಾಗಿರುತ್ತವೆ. ಕೈಯಿಂದ ತಿರುಗಿಸುವ ವಿಂಚ್ ಅಥವಾ ಹೈಡ್ರಾಲಿಕ್ ಪಂಪಿನಿಂದ ಇಡೀ ಮನೆಯನ್ನು ಕೆಳಗಿಳಿಸಿ ಮಂಜುಗಡ್ಡೆಯ ಮೇಲೆ ಕೂರಿಸಬಹುದು. ಉಕ್ಕಿನ ಅಡಿಪಟ್ಟಿ, ಮರದ ಅಥವಾ ಅಲ್ಯೂಮಿನಿಯಂ ಹಂದರ, ಸಂದಿಗಳಲ್ಲಿ ಸಿಂಪಡಿಸಿದ ಫೋಮ್, ಹೊರಗೆ ಅಲ್ಯೂಮಿನಿಯಂ ಹಾಳೆ, ಒಳಗೆ ಪೈನ್ ಅಥವಾ ಸೀಡರ್ ಹಲಗೆ: ಸಾಮಾನ್ಯವಾಗಿ ಇಷ್ಟೇ. ನೀರಿನ ಟ್ಯಾಂಕಾಗಲಿ, ಬಚ್ಚಲಾಗಲಿ, ಕೊಳಚೆ ಟ್ಯಾಂಕಾಗಲಿ ಇರುವುದಿಲ್ಲ, ಏಕೆಂದರೆ ಮೂರು ನಾಲ್ಕು ದಿನ ಇದ್ದು ಮನೆಗೆ ಮರಳುವವರಿಗಾಗಿ ಅದನ್ನು ಕಟ್ಟಲಾಗಿದೆ.

ಎರಡನೆಯದು ಅದೇ ಚಾಸಿಯ ಮೇಲೆ ಬಚ್ಚಲು, ನೀರಿನ ಟ್ಯಾಂಕು, ಬಿಸಿನೀರಿನ ಬಾಯ್ಲರ್, ಫ್ರಿಜ್, ಸೂರಿನ ಮೇಲೆ ಏಸಿ ಎಲ್ಲವನ್ನೂ ಸೇರಿಸಿದ ಆರ್‌ವಿ (ವಾಸಕ್ಕೆ ಅನುಕೂಲವಿರುವ ಪ್ರವಾಸದ ಗಾಲಿಮನೆ) ಮಾದರಿ. ಮಿನ್ನೆಸೋಟಾದ ಮಾಂಟೆವಿಡಿಯೊ ಊರಿನ ಐಸ್ ಕಾಸಲ್ ಕಂಪನಿ ಇಂಥವನ್ನು ಬಹುಕಾಲದಿಂದ ತಯಾರಿಸುತ್ತಿದೆ. ಯೆಟ್ಟಿ ಎಂಬ ಇನ್ನೊಂದು ಹೆಸರು ಅಲ್ಯೂಮಿನಿಯಂ ಹಂದರಕ್ಕೆ ಪ್ರಸಿದ್ಧ. ಮೂರನೆಯದು ಮೀನಿಗೂ ಅದಕ್ಕೂ ಸಂಬಂಧವಿಲ್ಲದ, ನಾಲ್ಕೂ ಋತುಗಳಿಗೆಂದು ಕಟ್ಟಿದ ಟ್ರಾವೆಲ್ ಟ್ರೇಲರ್. ಆರೆಗನ್ ರಾಜ್ಯದ ಲಾ ಗ್ರಾಂಡ್ ಊರಿನಲ್ಲಿ ತಯಾರಾಗುವ ಆರ್ಕ್ಟಿಕ್ ಫಾಕ್ಸ್, ಟೆನೆಸೀ ರಾಜ್ಯದಲ್ಲಿ ಎರಡು ಪದರದ ಫೈಬರ್‌ಗ್ಲಾಸ್ ಕವಚದಿಂದ ಮಾಡುವ ಆಲಿವರ್ ಈ ಗುಂಪಿಗೆ ಸೇರುತ್ತವೆ. ಇವಲ್ಲದೆ ಪಾರ್ಕ್ ಮಾಡೆಲ್ ಎಂಬ, 400 ಚದರ ಅಡಿಯ ಮಿತಿಯೊಳಗಿನ, ಒಂದೇ ಜಾಗದಲ್ಲಿ ನಿಲ್ಲಿಸಿ ವಾಸಿಸುವ ಗಾಲಿಮನೆಯೂ ಇದೆ. ಊರು ಬದಲಿಸುವ ಉದ್ದೇಶವೇ ಇಲ್ಲದವರು ಅದನ್ನೂ ನೋಡಬೇಕು.

ಮೊದಲ ಪ್ರಶ್ನೆ: ಎಲ್ಲಿ ನಿಲ್ಲಿಸುವುದು

ಚಳಿಗಾಲವೆಲ್ಲ ಸರೋವರದ ಮೇಲೆ, ಬೇಸಿಗೆಯಲ್ಲಿ ದಂಡೆಯ ಮೇಲೆ ಎಂಬ ಕನಸನ್ನು ಹಲವರು ಕಾಣುತ್ತಾರೆ. ಅದು ನಡೆಯುವುದಿಲ್ಲ. ಮಿನ್ನೆಸೋಟಾದಲ್ಲಿ ಮಾರ್ಚ್ ತಿಂಗಳಲ್ಲಿ ಫಿಶ್ ಹೌಸ್‌ಗಳನ್ನು ಮಂಜುಗಡ್ಡೆಯ ಮೇಲಿಂದ ತೆರವುಗೊಳಿಸಲೇಬೇಕು. ರಾಜ್ಯದ ದಕ್ಷಿಣ ಭಾಗಕ್ಕೆ ತಿಂಗಳ ಆರಂಭದಲ್ಲಿ, ಉತ್ತರ ಭಾಗಕ್ಕೆ ಎರಡು ವಾರ ತಡವಾಗಿ ಗಡುವು ಬರುತ್ತದೆ. ಚಳಿಗಾಲ ಶುರುವಾದ ಕೂಡಲೇ ಮಂಜುಗಡ್ಡೆಯ ಮೇಲೆ ಹೋಗುವಂತೆಯೂ ಇಲ್ಲ. ಮನುಷ್ಯ ನಡೆದು ಹೋಗಲು ಕನಿಷ್ಠ 4 ಅಂಗುಲದ ಗಟ್ಟಿ ಮಂಜುಗಡ್ಡೆ ಬೇಕು ಎನ್ನುವ ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ, ದೊಡ್ಡ ಟ್ರಕ್ಕು ವೀಲ್ ಹೌಸನ್ನು ಎಳೆದುಕೊಂಡು ಹೋಗಬೇಕಾದರೆ 20 ಅಂಗುಲಕ್ಕಿಂತ ಹೆಚ್ಚು ಇರಬೇಕೆನ್ನುತ್ತದೆ. ಯಾವ ಮಂಜುಗಡ್ಡೆಯೂ ಪೂರ್ತಿ ಸುರಕ್ಷಿತವಲ್ಲ ಎಂಬ ಎಚ್ಚರಿಕೆಯನ್ನೂ ಅದು ಜೊತೆಗೇ ಹೇಳುತ್ತದೆ. 2023-24ರ ಚಳಿಗಾಲವಂತೂ ಮಿನ್ನೆಸೋಟಾದ ದಾಖಲೆಯಲ್ಲೇ ಅತಿ ಬೆಚ್ಚಗಿನದಾಗಿತ್ತು. ಆ ಡಿಸೆಂಬರ್ ಕೊನೆಯಲ್ಲಿ ಅಪ್ಪರ್ ರೆಡ್ ಲೇಕ್ ಸರೋವರದಲ್ಲಿ ಮಂಜುಗಡ್ಡೆಯ ಹಾಸೊಂದು ದಂಡೆಯಿಂದ ಬೇರ್ಪಟ್ಟು, ಅದರ ಮೇಲಿದ್ದ ನೂರಕ್ಕೂ ಹೆಚ್ಚು ಜನರನ್ನು ರಕ್ಷಿಸಿ ತರಬೇಕಾಯಿತು. ಸರೋವರವನ್ನು ವಿಳಾಸವೆಂದು ಎಣಿಸುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹಾಗಾಗಿ ನೆಲದ ಮೇಲೆ ಒಂದು ಜಾಗ ಬೇಕೇ ಬೇಕು. ಸ್ವಂತ ಜಮೀನಿದ್ದರೂ ಅದರಲ್ಲಿ ಗಾಲಿಮನೆ ನಿಲ್ಲಿಸಿಕೊಂಡು ವಾಸಿಸಲು ಅನೇಕ ನಗರಗಳ, ಟೌನ್‌ಶಿಪ್‌ಗಳ ವಲಯ ನಿಯಮಗಳು ಒಪ್ಪುವುದಿಲ್ಲ. ಒಪ್ಪಿದರೂ ಸೆಪ್ಟಿಕ್ ವ್ಯವಸ್ಥೆ, ಬಾವಿ, ವಿದ್ಯುತ್ ಸಂಪರ್ಕಗಳಿಗೆ ಷರತ್ತು ಹಾಕುತ್ತವೆ. ಕೊಳ್ಳುವ ಮೊದಲು ಕೌಂಟಿ (ಜಿಲ್ಲೆಯಂಥ ಆಡಳಿತ ವಿಭಾಗ) ಕಚೇರಿಗೆ ಹೋಗಿ ಜಮೀನಿನ ಗುರುತಿನ ಸಂಖ್ಯೆ ಕೊಟ್ಟು, ವರ್ಷವಿಡೀ ವಾಸಕ್ಕೆ ಅವಕಾಶವಿದೆಯೇ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಆರ್‌ವಿ ಪಾರ್ಕಿನಲ್ಲಿ ಬಾಡಿಗೆಗೆ ಜಾಗ ಹಿಡಿಯುವುದಾದರೆ, ಉತ್ತರದ ರಾಜ್ಯಗಳಲ್ಲಿ ಅನೇಕ ಪಾರ್ಕುಗಳು ಚಳಿ ಬಿದ್ದ ಕೂಡಲೇ ನೀರಿನ ನಲ್ಲಿಗಳನ್ನು ಮುಚ್ಚಿ ಬೀಗ ಹಾಕುತ್ತವೆ ಎಂಬುದನ್ನು ತಿಳಿದಿರಿ.

ಈ ಹಂತದಲ್ಲೇ ಮೊದಲ ಬಗೆ ಮತ್ತು ಎರಡನೆಯ ಬಗೆಯ ನಡುವಿನ ದೊಡ್ಡ ವ್ಯತ್ಯಾಸ ಗೊತ್ತಾಗುತ್ತದೆ. ಅಮೆರಿಕದಲ್ಲಿ ಆರ್‌ವಿಗಳಿಗೆ ಎನ್‌ಎಫ್‌ಪಿಎ 1192 ಎಂಬ ಸುರಕ್ಷತಾ ಮಾನದಂಡವಿದೆ. ಬೆಂಕಿ ಬಿದ್ದರೆ ಪಾರಾಗಲು ಇನ್ನೊಂದು ದಾರಿ, ಹೊಗೆ, ಅನಿಲ ಮತ್ತು ಕಾರ್ಬನ್ ಮಾನಾಕ್ಸೈಡ್‌ನ ಎಚ್ಚರಿಕೆ ಗಂಟೆಗಳು, ಅನಿಲ ಕೊಳವೆಗಳ ಜೋಡಣೆ ಇವೆಲ್ಲ ಅದರಲ್ಲಿ ಬರುತ್ತವೆ. ಕೇವಲ ಮೀನಿಗೆಂದು ಕಟ್ಟಿದ ಮನೆ ಸಾಮಾನ್ಯವಾಗಿ ಆ ಮಾನದಂಡದ ಮುದ್ರೆಯಿಲ್ಲದೆ ಬರುತ್ತದೆ. ಮುದ್ರೆಯಿಲ್ಲದಿದ್ದರೆ ಕೆಲವು ಪಾರ್ಕುಗಳು ಒಳಗೆ ಬಿಡುವುದಿಲ್ಲ, ಸಾಲ ಕೊಡುವವರೂ ವಿಮೆ ಮಾಡುವವರೂ ಹಿಂಜರಿಯುತ್ತಾರೆ. ವಿಮೆ ಮಾಡಿಸುವಾಗ ಪೂರ್ಣಕಾಲದ ವಾಸ ಎಂದು ಸ್ಪಷ್ಟವಾಗಿ ಹೇಳಿ. ವಾರಾಂತ್ಯದ ಬಳಕೆ ಎಂದು ಬರೆಸಿ ಕಡಿಮೆ ಕಂತು ಕಟ್ಟಿದವರಿಗೆ ಬೆಂಕಿ ಬಿದ್ದ ದಿನ ಆ ಉಳಿತಾಯ ದುಬಾರಿಯಾಗುತ್ತದೆ.

ನಮ್ಮ ಕಡೆಯಿಂದ ಹೋದವರಿಗೆ ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ವೀಸಾದ ಮೇಲಿರುವವರೂ ಗ್ರೀನ್ ಕಾರ್ಡ್ ಇರುವವರೂ ವಾಸದ ವಿಳಾಸ ಬದಲಾದ 10 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕೆಂಬ ನಿಯಮವಿದೆ. ಗಾಲಿಮನೆಯನ್ನು ಅಲ್ಲಿಂದಿಲ್ಲಿಗೆ ಎಳೆದುಕೊಂಡು ತಿರುಗುವ ಜೀವನಕ್ಕೂ ಈ ನಿಯಮಕ್ಕೂ ಹೊಂದುವುದು ಕಷ್ಟ. ಕಾಗದ ಪತ್ರಗಳು ತಪ್ಪದೆ ತಲುಪುವ ಒಂದು ಸ್ಥಿರ ವಿಳಾಸವಿಲ್ಲದೆ ಈ ದಾರಿ ಹಿಡಿಯಬೇಡಿ.

ಎರಡನೆಯ ಪ್ರಶ್ನೆ: ನೀರು

ಮೊದಲ ಚಳಿಗಾಲದ ಒಂದು ಬೆಳಗ್ಗೆ, ಹೊರಗೆ ಸೊನ್ನೆಗಿಂತ 27 ಡಿಗ್ರಿ ಕೆಳಗಿದ್ದಾಗ, ಮಂಚದ ಪಕ್ಕದ ಗೋಡೆಯ ಮೇಲೆ ಬಿಳಿ ಚುಕ್ಕೆಗಳ ಸಾಲೊಂದನ್ನು ಕಂಡೆ. ಮೇಲಿಂದ ಕೆಳಕ್ಕೆ ಗೆರೆ ಎಳೆದಂತೆ, ಒಂದಕ್ಕೊಂದು ಸಮ ದೂರದಲ್ಲಿದ್ದವು. ಬೆರಳಿಟ್ಟು ನೋಡಿದರೆ ಪ್ರತಿ ಚುಕ್ಕೆಯೂ ಹಲಗೆಗೆ ಹೊಡೆದ ಸ್ಕ್ರೂವಿನ ತಲೆಯಾಗಿತ್ತು, ಅದರ ಮೇಲೆ ಉಪ್ಪಿನ ಹರಳಿನಂತೆ ಮಂಜು ಕಟ್ಟಿತ್ತು. ಫೋಮಿನ ನಡುವೆ ನಿಂತಿರುವ ಹಂದರದ ಕಂಬಕ್ಕೆ ಸ್ಕ್ರೂ ಕಚ್ಚಿಕೊಂಡಿರುತ್ತದೆ, ಹೊರಗಿನ ಚಳಿ ಆ ಲೋಹದ ಗುಂಟ ಒಳಗೆ ಬರುತ್ತದೆ, ನಮ್ಮ ಉಸಿರಿನ ತೇವ ಆ ತಣ್ಣನೆಯ ತುದಿಯ ಮೇಲೆ ಕೂರುತ್ತದೆ. ಹಾಸಿಗೆಯನ್ನು ಎತ್ತಿದಾಗ ಅದರ ಅಡಿಯ ಪ್ಲೈವುಡ್ ಒದ್ದೆಯಾಗಿತ್ತು, ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯತೊಡಗಿತ್ತು. ಮೀನು ಹಿಡಿಯಲು ಬಂದವರು ಮೂರು ದಿನದಲ್ಲಿ ಹೊರಡುತ್ತಾರೆ, ಮನೆ ಒಣಗುತ್ತದೆ. ವಾಸವಿರುವವರ ಮನೆಗೆ ಒಣಗಲು ಬಿಡುವೇ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಇಬ್ಬರ ಉಸಿರು ಮತ್ತು ಬೆವರಿನಿಂದಲೇ ದಿನಕ್ಕೆ ಎರಡು ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ಅದರ ಮೇಲೆ ನಮ್ಮ ಅಡುಗೆ: ಕುಕ್ಕರಿನ ಸೀಟಿ, ಕುದಿಯುವ ಸಾರು, ಮುದ್ದೆಗೆ ಇಟ್ಟ ಎಸರು. ಜೊತೆಗೆ ಸ್ನಾನ, ಒಣಗಲು ಹಾಕಿದ ಬಟ್ಟೆ, ಮಂಜು ಮೆತ್ತಿದ ಬೂಟು. ಮನೆ ಬಿಸಿ ಮಾಡಲು ಬಳಸುವ ಪ್ರೊಪೇನ್ ಅನಿಲ ಒಂದು ಕಿಲೋ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. ಗೋಡೆಗೆ ಜೋಡಿಸಿದ ಫರ್ನೇಸ್, ಅಂದರೆ ಮನೆ ಬಿಸಿ ಮಾಡುವ ಅನಿಲದ ಒಲೆ, ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು ಹೊಗೆಯನ್ನೂ ಆವಿಯನ್ನೂ ಹೊರಕ್ಕೇ ಬಿಡುತ್ತದೆ. ಆದರೆ ಚಿಮಣಿಯಿಲ್ಲದ ಸಣ್ಣ ಹೀಟರ್ ಇಟ್ಟುಕೊಂಡರೆ ಆ ನೀರೆಲ್ಲ ಒಳಗೇ ಉಳಿಯುತ್ತದೆ, ಕಾರ್ಬನ್ ಮಾನಾಕ್ಸೈಡ್‌ನ ಅಪಾಯವೂ ಸೇರಿಕೊಳ್ಳುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಯಾವ ಬಗೆಯ ಟ್ರೇಲರ್ ಕೊಂಡರೂ ಚಿಮಣಿಯಿಲ್ಲದ ಹೀಟರನ್ನು ಮಲಗುವ ಹೊತ್ತಿನಲ್ಲಿ ಉರಿಸಲೇಬೇಡಿ, ಎಚ್ಚರಿಕೆ ಗಂಟೆಗಳನ್ನು ಎರಡು ಕಡೆ ಹಾಕಿಸಿ.

ತೇವವನ್ನು ಹೊರಹಾಕುವ ಏರ್ಪಾಡಿನಲ್ಲಿ ನಾಲ್ಕು ಋತುಗಳ ಟ್ರಾವೆಲ್ ಟ್ರೇಲರ್ ಎಲ್ಲರಿಗಿಂತ ಮುಂದಿದೆ. ಅದಕ್ಕೆ ಸೂರಿನ ಫ್ಯಾನ್, ಒಲೆಯ ಮೇಲೆ ಹೊರಕ್ಕೆ ತಳ್ಳುವ ಹುಡ್, ಎರಡು ಪದರದ ಗಾಜು ಸಾಮಾನ್ಯವಾಗಿ ಇರುತ್ತವೆ ಅಥವಾ ಹಾಕಿಸಿಕೊಳ್ಳಬಹುದು. ಫಿಶ್ ಹೌಸಿನಲ್ಲಿ ಇವನ್ನು ಒಂದೊಂದಾಗಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ನಾನು ಕೊನೆಗೆ ಮಾಡಿದ್ದು ಇಷ್ಟು: ಹಾಸಿಗೆಯ ಕೆಳಗೆ ಗಾಳಿಯಾಡುವಂತೆ ಮರದ ಪಟ್ಟಿಗಳ ಹಂದರ ಹಾಕಿದೆ, ಕಪಾಟಿನ ಬಾಗಿಲುಗಳಿಗೆ ತೂತು ಕೊರೆದೆ, ಒಗ್ಗರಣೆಯಿಂದ ಹಿಡಿದು ಹಬೆ ಬರುವ ಯಾವುದೇ ಅಡುಗೆಗೂ ಫ್ಯಾನ್ ಹಾಕಿ ಕಿಟಕಿಯೊಂದನ್ನು ಎರಡು ಬೆರಳಷ್ಟು ತೆರೆದಿಡುವ ಅಭ್ಯಾಸ ಮಾಡಿಕೊಂಡೆ. ಬೆಚ್ಚಗಿನ ಗಾಳಿಯನ್ನು ದುಡ್ಡು ಕೊಟ್ಟು ಹೊರಗೆ ಬಿಟ್ಟಂತಾಗುತ್ತದೆ ಎಂದು ಮೊದಲು ಮನಸ್ಸು ಒಪ್ಪಲಿಲ್ಲ. ಆದರೆ ಆರ್ದ್ರತೆಯ ಮಾಪಕ ಶೇ. 55ರಿಂದ 30ಕ್ಕೆ ಇಳಿದಾಗ ಸ್ಕ್ರೂಗಳ ಮೇಲಿನ ಮಂಜು ಬಹುಮಟ್ಟಿಗೆ ಮಾಯವಾಯಿತು.

ಇನ್ನು ಕೊಳವೆಯಲ್ಲಿ ಹರಿಯುವ ನೀರು. ಇಲ್ಲಿ ಆರ್‌ವಿ ಮಾದರಿಯ ಫಿಶ್ ಹೌಸಿಗೆ ಒಂದು ಅನುಕೂಲವಿದೆ, ಇದನ್ನು ಮಾರಾಟಗಾರರೂ ಸರಿಯಾಗಿ ವಿವರಿಸುವುದಿಲ್ಲ. ಮನೆ ನೆಲದ ಮೇಲೆ ಕುಳಿತುಕೊಳ್ಳಬೇಕಾದ್ದರಿಂದ ಟ್ಯಾಂಕುಗಳು, ಕೊಳವೆಗಳು ಅಡಿಪಟ್ಟಿಗಿಂತ ಕೆಳಗೆ ನೇತಾಡುವಂತಿಲ್ಲ. ಅವುಗಳನ್ನು ಚೌಕಟ್ಟಿನ ಒಳಗೋ ಬೆಚ್ಚಗಿನ ಭಾಗದಲ್ಲೋ ಇಡಲೇಬೇಕಾಗುತ್ತದೆ. ಟ್ರಾವೆಲ್ ಟ್ರೇಲರ್ ಹಾಗಲ್ಲ, ಅದು ಗಾಲಿಯ ಮೇಲೆ ನೆಲದಿಂದ ಎರಡು ಅಡಿ ಎತ್ತರದಲ್ಲಿ ನಿಂತಿರುತ್ತದೆ, ಕೆಳಗೆ ಗಾಳಿ ಬೀಸುತ್ತದೆ, ಟ್ಯಾಂಕುಗಳು ಹೊಟ್ಟೆಯ ಭಾಗದಲ್ಲಿರುತ್ತವೆ. ಹೊಟ್ಟೆಯನ್ನು ಮುಚ್ಚಿ ಫರ್ನೇಸಿನ ಬಿಸಿಗಾಳಿ ಹಾಯಿಸಿದ್ದರೂ ಉತ್ತರ ಮಿನ್ನೆಸೋಟಾದ ಜನವರಿಗೆ ಅದು ಸಾಲದು. ಸುತ್ತಲೂ ಫೋಮ್ ಹಲಗೆಯಿಂದ ಪಾವಡೆಯಂತೆ ಮರೆ ಕಟ್ಟಬೇಕಾಗುತ್ತದೆ. ಫಿಶ್ ಹೌಸನ್ನು ಪೂರ್ತಿ ಕೆಳಗಿಳಿಸಿ ಅಂಚಿಗೆ ಮಂಜನ್ನು ಒತ್ತರಿಸಿದರೆ ಸಾಕು, ನೆಲದಡಿಯ ಗಾಳಿ ನಿಲ್ಲುತ್ತದೆ.

ಆದರೆ ಈ ಅನುಕೂಲಕ್ಕೆ ಬೆಲೆಯೂ ಇದೆ. ಕೊಳಚೆ ಟ್ಯಾಂಕು ಖಾಲಿ ಮಾಡಲು ಕೊಳವೆಗೆ ಇಳಿಜಾರು ಬೇಕು. ನೆಲಕ್ಕೆ ಕುಳಿತ ಮನೆಯಿಂದ ಅದು ಸಿಗದು. ಪ್ರತಿ ಸಲ ಮನೆಯನ್ನು ಎತ್ತಬೇಕು, ಅಥವಾ ಪಂಪ್ ಇಡಬೇಕು, ಅಥವಾ ಮನೆ ಕೂರುವ ಜಾಗವನ್ನೇ ಸುತ್ತಲಿಗಿಂತ ಎತ್ತರಿಸಿ ಕಟ್ಟಿಕೊಳ್ಳಬೇಕು. ನೀರು ಬರುವ ಕೊಳವೆಯ ಕಥೆಯೂ ಸುಲಭವಲ್ಲ. ನೆಲ ಎಷ್ಟು ಆಳಕ್ಕೆ ಹೆಪ್ಪುಗಟ್ಟುತ್ತದೆಂಬುದಕ್ಕೆ ಅಲ್ಲಿನ ಕಟ್ಟಡ ನಿಯಮವೇ ಸಾಕ್ಷಿ: ಪಾಯ ರಾಜ್ಯದ ದಕ್ಷಿಣದಲ್ಲಿ 42 ಅಂಗುಲ, ಉತ್ತರದಲ್ಲಿ 60 ಅಂಗುಲ ಆಳಕ್ಕೆ ಇಳಿಯಬೇಕು. ಅಷ್ಟು ಆಳದಿಂದ ಮೇಲೆ ಬರುವ ನಲ್ಲಿ, ಅಲ್ಲಿಂದ ಮನೆಯವರೆಗೆ ವಿದ್ಯುತ್ತಿನಿಂದ ಬಿಸಿಯಾಗುವ ಹೋಸ್ ಪೈಪು, ಇವೆರಡೂ ಇಲ್ಲದಿದ್ದರೆ ಚಳಿಗಾಲದ ನಾಲ್ಕೈದು ತಿಂಗಳು ಕ್ಯಾನುಗಳಲ್ಲಿ ನೀರು ಹೊರುವುದೇ ಗತಿ. ನಾನು ಮೊದಲ ಚಳಿಗಾಲ ಹಾಗೆಯೇ ಕಳೆದೆ, ಸ್ನಾನಕ್ಕೆ ಗೆಳೆಯರ ಮನೆಗೆ ಹೋಗುತ್ತಿದ್ದೆ. ಅಂಥ ಆಸರೆ ಹತ್ತಿರದಲ್ಲಿ ಇರುವವರಿಗೆ ಮಾತ್ರ ಟ್ಯಾಂಕಿಲ್ಲದ ಮೊದಲ ಬಗೆಯ ಮನೆ ಒಗ್ಗುತ್ತದೆ.

ಮೂರನೆಯ ಪ್ರಶ್ನೆ: ಶಾಖ

ಶಾಖವನ್ನು ತಡೆಯುವ ಶಕ್ತಿಯನ್ನು ಅಮೆರಿಕದಲ್ಲಿ ಆರ್ ಮೌಲ್ಯ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಹೆಚ್ಚಾದಷ್ಟೂ ಒಳ್ಳೆಯದು. ಮುಚ್ಚಿದ ಕೋಶಗಳ ಸಿಂಪಡಣೆ ಫೋಮಿಗೆ ಅಂಗುಲಕ್ಕೆ 6ರಿಂದ 7, ಗಾಜಿನ ನಾರಿನ ಪದರಕ್ಕೆ 3ರಿಂದ 4ರ ಒಳಗೆ ಬರುತ್ತದೆ. ಒಂದೂವರೆ ಅಂಗುಲ ಫೋಮ್ ಇರುವ ಫಿಶ್ ಹೌಸಿನ ಗೋಡೆಗೆ ಹೀಗೆ 9 ಅಥವಾ 10 ಆರ್ ಮೌಲ್ಯ ಹೇಳುತ್ತಾರೆ. ಆದರೆ ಹಂದರದ ಮರದ ಕಂಬ ಇರುವ ಕಡೆ ಅದು 2ನ್ನೂ ಮುಟ್ಟುವುದಿಲ್ಲ, ಅಲ್ಯೂಮಿನಿಯಂ ಕಂಬವಿರುವಲ್ಲಿ ಇನ್ನೂ ಕಡಿಮೆ. ಆದ್ದರಿಂದ ಅಲ್ಯೂಮಿನಿಯಂ ಹಂದರ ಕೊಳೆಯುವುದಿಲ್ಲ, ಹಗುರ ಎಂಬ ಮಾತು ನಿಜವಾದರೂ, ಆ ಹಂದರ ಮತ್ತು ಒಳ ಹಲಗೆಯ ನಡುವೆ ಫೋಮಿನ ಇನ್ನೊಂದು ತೆಳು ಪದರ ಇದೆಯೇ ಎಂದು ಕೇಳಬೇಕು. ಇಲ್ಲವೆಂದರೆ ನಾನು ಕಂಡ ಮಂಜಿನ ಚುಕ್ಕೆಗಳು ಅಲ್ಲಿ ಗೆರೆಗಳಾಗಿಯೇ ಮೂಡುತ್ತವೆ.

ಖರ್ಚಿನ ಅಂದಾಜಿಗೆ ಒಂದು ಉದಾಹರಣೆ. 8 ಅಡಿ ಅಗಲ, 16 ಅಡಿ ಉದ್ದ, ಆರೂವರೆ ಅಡಿ ಎತ್ತರದ ಮನೆಗೆ ಗೋಡೆ, ಸೂರು, ನೆಲ ಸೇರಿ ಸುಮಾರು 570 ಚದರ ಅಡಿ ಮೈ ಇರುತ್ತದೆ. ಸರಾಸರಿ ಆರ್ ಮೌಲ್ಯ 7 ಎಂದಿಟ್ಟುಕೊಂಡು, ಒಳಗೆ 21 ಡಿಗ್ರಿ, ಹೊರಗೆ ಸೊನ್ನೆಗಿಂತ 29 ಡಿಗ್ರಿ ಕೆಳಗೆ ಎಂದು ಎಣಿಸಿದರೆ ಗಂಟೆಗೆ 7,300 ಬಿಟಿಯು (ಶಾಖದ ಅಳತೆಯ ಘಟಕ) ಶಾಖ ಹೊರಗೆ ಹೋಗುತ್ತದೆ. ಕಿಟಕಿ, ಬಾಗಿಲು, ಸಂದಿಗಳ ಸೋರಿಕೆ ಸೇರಿಸಿ 10,000 ಎನ್ನೋಣ. 20 ಪೌಂಡ್, ಅಂದರೆ 9 ಕಿಲೋ ಪ್ರೊಪೇನ್ ಇರುವ ಸಿಲಿಂಡರಿನಲ್ಲಿ ಸುಮಾರು 4,30,000 ಬಿಟಿಯು ಇರುತ್ತದೆ, ಫರ್ನೇಸ್ ಅದರಲ್ಲಿ ಮುಕ್ಕಾಲು ಪಾಲನ್ನು ಒಳಗೆ ಕೊಡುತ್ತದೆ. ಅಂದರೆ ಒಂದು ಸಿಲಿಂಡರ್ 32 ಗಂಟೆ ಬರುತ್ತದೆ. ನಮ್ಮ ಊರಿನ ಅಡುಗೆಮನೆಯಲ್ಲಿ 14.2 ಕಿಲೋ ಸಿಲಿಂಡರ್ ತಿಂಗಳುಗಟ್ಟಲೆ ಬರುವುದನ್ನು ಕಂಡವರಿಗೆ ಇದು ನಂಬಲು ಕಷ್ಟ, ಆದರೆ ಕಡುಚಳಿಯ ವಾರದಲ್ಲಿ ನನ್ನ ಬಳಕೆಯೂ ಇದರ ಆಸುಪಾಸಿನಲ್ಲೇ ಇತ್ತು. ಸ್ವಂತ ಜಾಗದಲ್ಲಿ ನಿಲ್ಲಿಸುವವರು ಸಣ್ಣ ಸಿಲಿಂಡರುಗಳನ್ನು ಹೊತ್ತು ತಿರುಗುವ ಬದಲು ದೊಡ್ಡ ಟ್ಯಾಂಕು ಬಾಡಿಗೆಗೆ ಪಡೆದು, ಬೇಸಿಗೆಯಲ್ಲಿ ದರ ಇಳಿದಾಗ ತುಂಬಿಸಿಕೊಳ್ಳುವುದು ಲಾಭ.

ಅಲ್ಲಿ ಶುದ್ಧ ಪ್ರೊಪೇನನ್ನೇ ಬಳಸುವುದಕ್ಕೆ ಕಾರಣವಿದೆ. ನಮ್ಮಲ್ಲಿನ ಅಡುಗೆ ಅನಿಲದಲ್ಲಿ ಬ್ಯೂಟೇನ್ ಬೆರೆತಿರುತ್ತದೆ, ಅದು ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಕುದಿಯುತ್ತದೆ. ಆದರೂ ಆ ಅಂಚಿಗೆ ಹೋದಂತೆ ಒತ್ತಡ ಕುಸಿಯುತ್ತದೆ, ಅರ್ಧ ಖಾಲಿಯಾದ ಸಣ್ಣ ಸಿಲಿಂಡರ್ ಫರ್ನೇಸಿಗೆ ಬೇಕಾದಷ್ಟು ಅನಿಲವನ್ನು ಕೊಡಲಾರದು. 1996ರ ಫೆಬ್ರವರಿ 2ರಂದು ಮಿನ್ನೆಸೋಟಾದ ಟವರ್ ಊರಿನ ಬಳಿ ಉಷ್ಣಾಂಶ ಸೊನ್ನೆಗಿಂತ 51 ಡಿಗ್ರಿ ಕೆಳಕ್ಕೆ ಹೋಗಿತ್ತು. ಅಂಥ ದಿನ ಅಪರೂಪವೇ ಸರಿ, ಆದರೆ ವಾಸದ ಮನೆಗೆ ಶಾಖದ ಎರಡನೆಯ ಮೂಲವೊಂದು ಬೇಕು ಎನ್ನಲು ಅದೊಂದೇ ದಾಖಲೆ ಸಾಕು. 30 ಆಂಪಿಯರಿನ ವಿದ್ಯುತ್ ಸಂಪರ್ಕ ಗರಿಷ್ಠ 3,600 ವ್ಯಾಟ್ ಕೊಡುತ್ತದೆ, ಅದರಲ್ಲಿ 1,500 ವ್ಯಾಟಿನ ಹೀಟರೊಂದನ್ನು ನಡೆಸಬಹುದು. ಫರ್ನೇಸಿನ ಫ್ಯಾನ್ ಬ್ಯಾಟರಿಯಿಂದಲೇ ತಿರುಗುವುದರಿಂದ ಬ್ಯಾಟರಿ ಸತ್ತರೆ ಅನಿಲವಿದ್ದೂ ಶಾಖವಿಲ್ಲ. ಲಿಥಿಯಂ ಬ್ಯಾಟರಿ ಹಾಕಿಸುವವರು ಸೊನ್ನೆಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ ಎಂಬುದನ್ನು ನೆನಪಿಟ್ಟು, ಅದನ್ನು ಮನೆಯ ಒಳಗೇ ಇಡಬೇಕು.

ನೆಲದ ತೂತುಗಳ ಬಗ್ಗೆ ಒಂದು ಮಾತು. ಅವುಗಳ ಮುಚ್ಚಳ ತೆಳು ಪ್ಲಾಸ್ಟಿಕ್. ಬರಿಗಾಲು ತಾಗಿದರೆ ಜುಮ್ಮೆನ್ನುತ್ತದೆ, ಬೇಸಿಗೆಯಲ್ಲಿ ಇಲಿಗಳಿಗೂ ಅದೇ ದಾರಿ. ಎರಡು ಅಂಗುಲದ ಫೋಮ್ ಹಲಗೆಯನ್ನು ದುಂಡಗೆ ಕತ್ತರಿಸಿ, ಬಿಗಿಯಾಗಿ ಕೂರುವಂತೆ ಒಳಗೆ ತುರುಕಿ, ಅಡಿಯಲ್ಲಿ ಸಣ್ಣ ಕಣ್ಣಿನ ತಂತಿ ಬಲೆ ಹೊಡೆಯಿರಿ. ಮೀನು ಹಿಡಿಯುವ ಉದ್ದೇಶವೇ ಇಲ್ಲದಿದ್ದರೆ ತೂತುಗಳಿಗಾಗಿ ಹಣ ಕೊಡುವುದೇಕೆ ಎಂದು ಈ ಹಂತದಲ್ಲಿ ಮತ್ತೆ ಯೋಚಿಸಿ.

ಬೇಸಿಗೆ, ರಸ್ತೆ

ಮಿನ್ನೆಸೋಟಾದ ಬೇಸಿಗೆ 30 ಡಿಗ್ರಿ ದಾಟುತ್ತದೆ, ಸೆಕೆಯೂ ಸೊಳ್ಳೆಯೂ ಧಾರಾಳ. ಮೀನಿಗೆಂದು ಕಟ್ಟಿದ ಮನೆಯಲ್ಲಿ ಕಿಟಕಿಗಳು ಚಿಕ್ಕವು, ಏಸಿಗೆ ಬೇಕಾದ ತಂತಿ ಮತ್ತು ಸೂರಿನ ಕಿಂಡಿ ಇರುವುದಿಲ್ಲ. ಆರ್‌ವಿ ಮಾದರಿಯೂ ಟ್ರಾವೆಲ್ ಟ್ರೇಲರೂ ಇಲ್ಲಿ ಸರಿಸಮ.

ಎಳೆದುಕೊಂಡು ತಿರುಗುವುದರಲ್ಲಿ ಮಾತ್ರ ಟ್ರಾವೆಲ್ ಟ್ರೇಲರ್ ನಿಸ್ಸಂದೇಹವಾಗಿ ಮೇಲು. ಕೆಳಗಿಳಿಯುವ ಚಾಸಿಗಳಲ್ಲಿ ಅನೇಕಕ್ಕೆ ಸ್ಪ್ರಿಂಗ್ ಅಥವಾ ಬೇರೆ ಸಸ್ಪೆನ್ಷನ್ ಇರುವುದಿಲ್ಲ. ಮನೆಯಿಂದ ಸರೋವರಕ್ಕೆ ನೂರಿನ್ನೂರು ಮೈಲಿಗೆ ತೊಂದರೆಯಿಲ್ಲ, ಆದರೆ ವರ್ಷಕ್ಕೆ ಸಾವಿರಾರು ಮೈಲಿ ಎಳೆದರೆ ಕಪಾಟಿನ ತಿರುಪು, ಕೊಳವೆಯ ಜೋಡಣೆ, ಗೋಡೆಯ ಹಲಗೆ ಎಲ್ಲವೂ ಸಡಿಲವಾಗುತ್ತವೆ.

ಯಾರಿಗೆ ಯಾವುದು

ನಿಯಮ ಒಪ್ಪುವ ಸ್ವಂತ ಜಾಗವಿದ್ದು, ಆಳದ ನಲ್ಲಿ ಮತ್ತು ಸೆಪ್ಟಿಕ್ ಇದ್ದು, ವರ್ಷಕ್ಕೆ ಒಂದೆರಡು ಬಾರಿಯಷ್ಟೇ ಮನೆಯನ್ನು ಸರೋವರಕ್ಕೆ ಒಯ್ಯುವವರಿಗೆ, ಸುರಕ್ಷತಾ ಮುದ್ರೆಯಿರುವ ಆರ್‌ವಿ ಮಾದರಿಯ ಫಿಶ್ ಹೌಸ್ ನನ್ನ ಮೊದಲ ಆಯ್ಕೆ. ಕಡುಚಳಿಯಲ್ಲಿ ನೆಲಕ್ಕೆ ಕುಳಿತ ಮನೆಯ ನೆಮ್ಮದಿಯನ್ನು ಗಾಲಿಯ ಮೇಲೆ ನಿಂತ ಟ್ರೇಲರ್ ಕೊಡಲಾರದು. ಕೆಲಸದ ಗುತ್ತಿಗೆ ಮುಗಿದಂತೆ ಊರು ಬದಲಿಸುವವರು, ಚಳಿಗಾಲದಲ್ಲಿ ದಕ್ಷಿಣಕ್ಕೆ ಇಳಿಯುವವರು ಟ್ರಾವೆಲ್ ಟ್ರೇಲರ್ ಕೊಳ್ಳಲಿ. ಒಂದೇ ಕಡೆ ನೆಲೆ ನಿಲ್ಲುವವರು, ಮುಖ್ಯವಾಗಿ ಮಕ್ಕಳಿರುವವರು, ಫಿಶ್ ಹೌಸಿನ ಆಸೆ ಬಿಟ್ಟು ಪಾರ್ಕ್ ಮಾಡೆಲ್ ನೋಡಲಿ. 128 ಚದರ ಅಡಿಯಲ್ಲಿ ಮಗುವೊಂದು ಐದು ತಿಂಗಳ ಚಳಿಗಾಲ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಟ್ಯಾಂಕಿಲ್ಲದ ಅಗ್ಗದ ವೀಲ್ ಹೌಸನ್ನು, ಬಚ್ಚಲು ಮತ್ತು ನೀರು ಹತ್ತಿರದಲ್ಲೇ ಸಿಗುವ ಒಬ್ಬಂಟಿಯೊಬ್ಬರು ಒಂದೆರಡು ವರ್ಷದ ಮಟ್ಟಿಗೆ ಎಂದು ತೀರ್ಮಾನಿಸಿ ಕೊಂಡರೆ ತಪ್ಪಿಲ್ಲ.

ಹಳೆಯದನ್ನು ಕೊಳ್ಳುವುದಾದರೆ

ನಾನು ಕೊಂಡದ್ದು ಬೇಸಿಗೆಯಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿದ್ದ ಮನೆಯನ್ನು. ಮಾರುವವರು ಹೊಸದಾಗಿ ವಾರ್ನಿಷ್ ಹಚ್ಚಿದ್ದರು, ಪೈನ್ ಮರದ ಘಮ ತುಂಬಿತ್ತು. ಅಕ್ಟೋಬರಿನಲ್ಲಿ ಮಂಚದಡಿಯ ಹಲಗೆ ತೆಗೆದಾಗ ಮೂಲೆಯ ಕಂಬ ಬೆರಳಿಗೆ ಪುಡಿಯಾಯಿತು. ಹಾಗಾಗಿ ಸಾಧ್ಯವಾದರೆ ಜನವರಿಯಲ್ಲೇ ನೋಡಲು ಹೋಗಿ. ಹಿಂದಿನ ರಾತ್ರಿಯಿಂದಲೇ ಫರ್ನೇಸ್ ಹಚ್ಚಿಟ್ಟಿರುವಂತೆ ಮಾರುವವರನ್ನು ಕೇಳಿಕೊಳ್ಳಿ, ಬೆಳಕು ಹರಿಯುವ ಹೊತ್ತಿಗೆ ತಲುಪಿ. ಮೊದಲು ಹೊರಗೆ ಸುತ್ತು ಬನ್ನಿ: ಸೂರಿನ ಮೇಲಿನ ಮಂಜು ಎಲ್ಲೆಡೆ ಒಂದೇ ಸಮ ಇದೆಯೇ, ಇಲ್ಲ ಪಟ್ಟೆಪಟ್ಟೆಯಾಗಿ ಕರಗಿದೆಯೇ ನೋಡಿ, ಕರಗಿದ ಪಟ್ಟೆಯ ಕೆಳಗೆ ಶಾಖ ಸೋರುತ್ತಿದೆ. ಗಾಲಿಯ ತೋಳಿನ ಕೀಲುಗಳ ಬಳಿ ಉಕ್ಕು ತುಕ್ಕು ಹಿಡಿದು ಪದರ ಬಿಟ್ಟಿದೆಯೇ ಎಂದು ಬಗ್ಗಿ ನೋಡಿ, ಮನೆಯನ್ನು ನಿಮ್ಮ ಎದುರಿಗೇ ಒಮ್ಮೆ ಪೂರ್ತಿ ಎತ್ತಿ ಇಳಿಸಲು ಹೇಳಿ. ಆಮೇಲೆ ಒಳಗೆ ಹೋಗಿ ಹಾಸಿಗೆ ಎತ್ತಿ, ಕಪಾಟಿನ ಹಿಂಬದಿಗೆ ಟಾರ್ಚ್ ಬಿಡಿ, ಕಿಟಕಿಯ ಕೆಳಮೂಲೆಯ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ, ತೂತಿನ ಮುಚ್ಚಳ ತೆಗೆದು ಅದರ ಅಂಚಿನ ಪ್ಲೈವುಡ್ ಉಬ್ಬಿದೆಯೇ ಎಂದು ಕೈಯಾಡಿಸಿ. ಕೊನೆಯಲ್ಲಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ಸ್ಕ್ರೂಗಳ ತಲೆಗಳನ್ನು ಒಂದೊಂದಾಗಿ ನೋಡಿಕೊಂಡು ಬನ್ನಿ.